ಮಾತೆ ಮರಿಯಮ್ಮನಿಗೆ ಕೆಂಪು ದೀಪ

ಆಗಮನ ಕಾಲ ಬಂತೆಂದರೆ ಕ್ಲೆನೋವ್ಕಾದಲ್ಲಿ ಯೇಸುವಿನ ತಾಯಿ ಮನೆಮನೆ ತಿರುಗಲು ಹೊರಡುತ್ತಾಳೆ. ಮರದ ಮೂರ್ತಿ, ಒಂದು ಮೊಳವೂ ಇಲ್ಲ. ತುಂಬು ಬಸುರಿ ಮರಿಯಮ್ಮ ಕತ್ತೆಯ ಮೇಲೆ ಕೂತಿದ್ದಾಳೆ, ಪಕ್ಕದಲ್ಲಿ ಜೋಸೆಫ್ ಹಗ್ಗ ಹಿಡಿದು ನಿಂತಿದ್ದಾನೆ, ಕತ್ತೆಗೆ ಒಂದು ಕಿವಿ ಇಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ ಚರ್ಚಿನಿಂದ ಹೊರಟವಳು ದಿನಕ್ಕೊಂದು ಮನೆಯಲ್ಲಿ ತಂಗಿ, ಹಬ್ಬದ ಹಿಂದಿನ ಸಂಜೆ ಚರ್ಚಿನ ಗೋದಲಿಗೆ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ತಲುಪಬೇಕು. ನಡುವಿನ ದಾರಿ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಮೂರ್ತಿ ಇರುವ ಮನೆಯಾಕೆ ಮುಂದಿನ ಮನೆಯನ್ನು ತಾನೇ ಆರಿಸಿ, ಯಾರಿಗೂ ಬಾಯಿ ಬಿಡದೆ, ಸಂಜೆ ತಾನೇ ಹೊತ್ತುಕೊಂಡು ಹೋಗಿ ಬಾಗಿಲು ತಟ್ಟಬೇಕು.

ಇದು ಭಕ್ತಿಯಿಂದ ಹುಟ್ಟಿದ ಪದ್ಧತಿಯಲ್ಲ, ಭಯದಿಂದ ಹುಟ್ಟಿದ್ದು. ಇವರ ಅಜ್ಜ ಅಜ್ಜಿಯರನ್ನು ಪೋಲೆಂಡಿನ ಗಡಿಯಿಂದ ರೈಲಿಗೆ ತುಂಬಿ ತಂದು ಈ ಬಯಲಿನಲ್ಲಿ ಸುರಿದ ಕಾಲದಲ್ಲಿ, ದೇವರನ್ನೊಪ್ಪದ ಸರಕಾರದ ಕೈಕೆಳಗೆ, ಪ್ರಾರ್ಥನೆ ಮಾಡಿದವರಿಗೆ ಜೈಲು ಕಾದಿರುತ್ತಿತ್ತು. ಒಬ್ಬೊಬ್ಬರಿಗೂ ಮುಂದಿನ ಮನೆ ಮಾತ್ರ ಗೊತ್ತಿದ್ದರೆ, ಸಿಕ್ಕಿಬಿದ್ದವರ ಬಾಯಿಂದ ಒಂದು ಹೆಸರಿಗಿಂತ ಹೆಚ್ಚು ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಮೂರ್ತಿ ಆ ಮನೆಯನ್ನೂ ದಾಟಿರುತ್ತಿತ್ತು. ಈಗ ಕೇಳುವ ಪೊಲೀಸರಿಲ್ಲ. ಆದರೂ ಊರು ಪದ್ಧತಿ ಬಿಟ್ಟಿಲ್ಲ. ಇವತ್ತು ನಮ್ಮ ಬಾಗಿಲೋ ಪಕ್ಕದವರ ಬಾಗಿಲೋ ಎಂದು ಸಂಜೆ ಸಂಜೆ ಕಿವಿಗೊಟ್ಟು ಕೂರುವುದರಲ್ಲಿ ಇರುವ ಮಜಾ ಬೇರೆಯದರಲ್ಲಿ ಸಿಗುವುದಿಲ್ಲ.

ಈ ಮಜಾ ಹಿಡಿಸದವಳು ಊರಿಗೆಲ್ಲ ಒಬ್ಬಳೇ, ಅಪೊಲೋನಿಯಾ. ಎಲ್ಲರ ಬಾಯಲ್ಲಿ ಪೋಲಾ. ವಯಸ್ಸು ನಲವತ್ತೊಂದು, ಊರ ರೈಲು ನಿಲ್ದಾಣದಲ್ಲಿ ಸಿಗ್ನಲ್ ಕೊಡುವ ಕೆಲಸ. ನಾಳೆಯ ಅಡುಗೆ ಇವತ್ತೇ ಗೊತ್ತಿರಬೇಕು, ಮುಂದಿನ ಬೇಸಿಗೆಯ ಆಲೂಗಡ್ಡೆ ಯಾವ ಸಾಲಿನಲ್ಲಿ ಎಂಬುದು ಈ ಚಳಿಗಾಲದಲ್ಲೇ ತೀರ್ಮಾನವಾಗಬೇಕು. ಹುಟ್ಟಿದಾಗಿನಿಂದ ಹೀಗಿದ್ದವಳಲ್ಲ. ಅವಳೂ ಗಂಡ ಕ್ಲೆಮೆನ್ಸೂ ಮೂರು ಸಲ ತೊಟ್ಟಿಲು ಇಳಿಸಿ ಒರೆಸಿ, ಮೂರು ಸಲವೂ ಬರಿದಾಗಿಯೇ ಅಟ್ಟಕ್ಕೇರಿಸಿದ್ದರು. ಆಮೇಲೆ, ಮೊದಲೇ ತಿಳಿಯದ ಯಾವುದಕ್ಕೂ ಕೈ ಹಾಕುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ದತ್ತು ಮಗುವಿಗೆ ಅರ್ಜಿ ಹಾಕಿ ಏಳು ವರ್ಷವಾಗಿತ್ತು. ಅರ್ಜಿಯಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ: ಹೆಣ್ಣುಮಗು, ಒಂದು ವರ್ಷದೊಳಗಿನದು, ಒಂದು.

ಆಗಮನದ ಎರಡನೆಯ ವಾರದ ಸೋಮವಾರ ಪಟ್ಟಣದ ಮಕ್ಕಳ ಪಾಲನಾ ಕಚೇರಿಯಿಂದ ಫೋನು ಬಂತು.

"ಎಂಟು ತಿಂಗಳ ಹೆಣ್ಣುಮಗು ಇದೆ. ಹೆಸರು ವಾರ್ಯಾ. ಆರೋಗ್ಯವಾಗಿದೆ," ಎಂದಿತು ಆ ಕಡೆಯ ಹೆಂಗಸಿನ ದನಿ.

ಪೋಲಾ ಹತ್ತಿರವಿದ್ದ ಸ್ಟೂಲಿನ ಮೇಲೆ ಕುಸಿದಳು.

"ಕೂತ್ಕೊಂಡ್ರಾ? ಒಳ್ಳೇದಾಯ್ತು. ಯಾಕಂದ್ರೆ ಅದಕ್ಕೊಬ್ಳು ಅಕ್ಕ ಇದಾಳೆ, ಒಂಬತ್ತು ವರ್ಷ. ಒಬ್ಬ ಅಣ್ಣ ಇದಾನೆ, ಆರು. ಮೂವರನ್ನೂ ಬೇರೆ ಮಾಡೋ ಹಾಗಿಲ್ಲ. ಬಂದು ನೋಡೋದಾದ್ರೆ ಶುಕ್ರವಾರ ಮಧ್ಯಾಹ್ನದೊಳಗೆ ಬಂದುಬಿಡಿ. ಇಲ್ಲಾಂದ್ರೆ ಪಟ್ಟೀಲಿರೋ ಮುಂದಿನವರನ್ನ ಕರೀತೀನಿ."

ಕ್ಲೆಮೆನ್ಸ್ ಧಾನ್ಯದ ಗೋದಾಮಿನಲ್ಲಿ ಯಂತ್ರ ರಿಪೇರಿ ಮಾಡುವವನು. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು. ವಿಷಯ ಕೇಳಿ ಕಿವಿ ಕೆರೆದುಕೊಂಡ.

"ಮೂರಾ? ಶೆಡ್ಡಲ್ಲಿ ಹಲಗೆ ಇದೆ," ಎಂದ.

"ನಾನು ಹ್ಞೂಂ ಅಂದಿಲ್ಲ ಕ್ಲೆಮೆನ್ಸ್."

"ನಾನೂ ಅಂದಿಲ್ಲ. ಹಲಗೆ ಇದೆ ಅಂದೆ ಅಷ್ಟೆ." ಅಳತೆಪಟ್ಟಿ ಹುಡುಕಿಕೊಂಡು ಹೊರಟೇ ಹೋದ.

ಅದೇ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ರೊಜಾಲಿಯಾ ಅಜ್ಜಿ, ಕಂಕುಳಲ್ಲಿ ಕಂಬಳಿ ಸುತ್ತಿದ ಮರಿಯಮ್ಮ. ಎಂಬತ್ತನಾಲ್ಕು ವರ್ಷದ ಈ ಮುದುಕಿಗೆ ಕಾಲು ಕುಂಟುತ್ತಿತ್ತೇ ಹೊರತು ನಾಲಿಗೆಯಲ್ಲ.

"ತಗೋ ಹುಡುಗಿ. ಮೂಗೆಲ್ಲ ಹೆಪ್ಪುಗಟ್ಟಿದೆ, ನಂದೂ, ಇವಳದೂ. ಯಾಕೆ ಮುಖ ಹಿಟ್ಟಿನ ಹಾಗಿದೆ?"

ಪೋಲಾ ಎಲ್ಲ ಹೇಳಿದಳು. ಅಜ್ಜಿ ಎರಡು ಲೋಟ ಚಹಾ ಕುಡಿದು, ತುಟಿ ಒರೆಸಿಕೊಂಡು, "ಇವಳನ್ನ ಕೇಳು. ಬಸುರೀಲಿ ಕತ್ತೆ ಮೇಲೆ ಹೊರಟೋಳು, ಅವಳಿಗೇನು ಆಸ್ಪತ್ರೇಲಿ ಮಂಚ ಗೊತ್ತು ಮಾಡಿದ್ರಾ?" ಎಂದು ಹೇಳಿ ಕುಂಟುತ್ತಾ ಹೋದಳು.

ಪೋಲಾ ನಿಜಕ್ಕೂ ಕೇಳಿದಳು. ಕಿಟಕಿಯ ಬಳಿ ಮೂರ್ತಿಯಿಟ್ಟು, ಮೇಣದ ಬತ್ತಿ ಹಚ್ಚಿ, ಒಂದು ಹಳೆಯ ನೋಟುಬುಕ್ಕು ತೆರೆದು ಪ್ರಶ್ನೆಗಳನ್ನು ಬರೆಯಲು ಕೂತಳು. ನನಗೆ ರಾತ್ರಿ ಪಾಳಿ ಇದ್ದಾಗ ಮಕ್ಕಳನ್ನು ನೋಡುವವರು ಯಾರು. ಹುಡುಗನಿಗೆ ಕತ್ತಲೆಂದರೆ ಭಯವೇ. ಮೂವರಿಗೂ ಒಟ್ಟಿಗೆ ಜ್ವರ ಬಂದರೆ. ಅವರ ಕಡೆಯವರು ಯಾರಾದರೂ ಮುಂದೆ ಬಂದು ಕೇಳಿದರೆ. ಹೀಗೆ ನಲವತ್ತೆರಡು ಪ್ರಶ್ನೆ. ಕೊನೆಯದನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಳು: ಒಂಬತ್ತು ವರ್ಷದವಳಿಗೆ ನಾನು ಇಷ್ಟವಾಗದಿದ್ದರೆ? ಉಳಿದ ನಲವತ್ತೊಂದು ಈ ಒಂದನ್ನು ಮುಚ್ಚಿಡಲು ಬರೆದದ್ದು ಎಂಬುದು ಅವಳಿಗೂ ಗೊತ್ತಿತ್ತು.

"ನೋಡು," ಎಂದಳು ಮೂರ್ತಿಗೆ, "ಇದಕ್ಕೆಲ್ಲ ಉತ್ತರ ಸಿಗೋವರೆಗೂ ನೀನು ಈ ಮನೆಯಿಂದ ಹೊರಡಲ್ಲ."

ಮರಿಯಮ್ಮ ಹೊರಡಲಿಲ್ಲ. ಮಂಗಳವಾರ ಸಂಜೆ ಊರಿನ ಯಾವ ಬಾಗಿಲೂ ಸದ್ದು ಮಾಡಲಿಲ್ಲ. ಬುಧವಾರವೂ ಇಲ್ಲ. ಗುರುವಾರದ ಹೊತ್ತಿಗೆ ಸುದ್ದಿ ಅಂಗಡಿಯಿಂದ ಅಂಗಡಿಗೆ ಹರಡಿತ್ತು. ಮನೆ ಗುಡಿಸಿ, ಕೇಕು ಮಾಡಿ ಕಾದಿದ್ದ ಹೆಂಗಸರ ಸಿಟ್ಟು ನೆತ್ತಿಗೇರಿತ್ತು. ಬ್ರೆಡ್ಡಿನ ಸಾಲಿನಲ್ಲಿ ಒಬ್ಬಳು ಪೋಲಾಗೆ ಕೇಳಿಸುವಂತೆಯೇ, "ಅಭ್ಯಾಸಬಲ ಕಣ್ರೇ. ಗೂಡ್ಸ್ ಗಾಡಿ ನಿಲ್ಲಿಸಿದ ಹಾಗೆ ಮಾತೆಗೂ ಕೆಂಪು ದೀಪ ತೋರಿಸಿದಾಳೆ," ಎಂದಳು. ಸಾಲಿಗೆ ಸಾಲೇ ನಕ್ಕಿತು. ಪೋಲಾ ಕೆನ್ನೆ ಕೆಂಪಗೆ ಮಾಡಿಕೊಂಡು ಬ್ರೆಡ್ಡು ತೆಗೆದುಕೊಳ್ಳದೆಯೇ ಪಾಳಿಗೆ ಹೋದಳು.

ನಿಲ್ದಾಣದಲ್ಲಿ ಅವಳ ಜೊತೆಗಿದ್ದದ್ದು ಒಂದು ದನಿ. ತಾಸ್‌ಬುಲಾಕ್ ಮುಂದಿನ ನಿಲ್ದಾಣ. ಅಲ್ಲಿ ಸಿಗ್ನಲ್ ನೋಡಿಕೊಳ್ಳುವವಳು ಬಾತಿಮಾ. ಹನ್ನೆರಡು ವರ್ಷದಿಂದ ದಿನಾ ಫೋನಿನಲ್ಲಿ ಮಾತು, ಮುಖ ನೋಡಿದ್ದು ನಾಲ್ಕೋ ಐದೋ ಸಲ. ಪೋಲಾ ಅವಳನ್ನು ಅಪಾ ಎಂದು, ಅಕ್ಕ ಎಂದಂತೆ ಕರೆಯುತ್ತಾಳೆ. ಬಾತಿಮಾ ನಾಲ್ಕು ಹೆತ್ತವಳು. ಸತ್ತ ತಮ್ಮನ ಇಬ್ಬರು ಮಕ್ಕಳನ್ನೂ ಸಾಕಿದವಳು.

"ಕಲ್ಲಿದ್ದಲು ಗಾಡಿ ಕಳಿಸ್ಲಾ ಅಪಾ? ದಾರಿ ಖಾಲಿ ಇದ್ಯಾ?" ಎಂದು ಕೇಳಿದಳು ಪೋಲಾ.

"ಖಾಲಿ ಇದೆ, ಕಳಿಸು. ಏನು ದನಿ, ಸತ್ತವರ ಮನೆಗೆ ಫೋನು ಮಾಡಿದ ಹಾಗಿದೆ?"

ಪೋಲಾ ಹಸಿರು ಕೊಟ್ಟು, ಅರವತ್ತು ಡಬ್ಬಿಗಳೂ ಗಡಗಡ ದಾಟಿಹೋಗುವವರೆಗೆ ಕಾದು, ಮತ್ತೆ ಫೋನು ಹಿಡಿದು ನೋಟುಬುಕ್ಕನ್ನು ಮೊದಲಿಂದ ಓದಿದಳು. ಬಾತಿಮಾ ಹತ್ತೊಂಬತ್ತನೆಯ ಪ್ರಶ್ನೆಯವರೆಗೆ ತಾಳಿಕೊಂಡಳು.

"ಸಾಕು ನಿಲ್ಸು ಮಾರಾಯ್ತಿ. ಈಗ ಹೋಯ್ತಲ್ಲ ಗಾಡಿ, ಅದು ಎಲ್ಲೀವರೆಗೆ ಹೋಗುತ್ತೆ?"

"ಬಂದರಿನವರೆಗೆ. ಎರಡು ಸಾವಿರ ಕಿಲೋಮೀಟರ್."

"ನೀನು ಡ್ರೈವರಿಗೆ ಬಂದರಿನವರೆಗೂ ಹಸಿರು ಕೊಟ್ಯಾ?"

"ನಾನು ಹೇಗೆ ಕೊಡ್ಲಿ? ನಂದು ನಿನ್ನ ಸ್ಟೇಷನ್‌ವರೆಗೆ ಅಷ್ಟೆ."

"ಅವನು ಬಂದರಿನವರೆಗೂ ಎಲ್ಲಾ ಹಸಿರು ತೋರ್ಸು, ಆಮೇಲೆ ಹೊರಡ್ತೀನಿ ಅಂತ ಹಟ ಹಿಡಿದ್ರೆ?"

"ಕೆಲಸ ಬಿಟ್ಟು ಮನೆಗೆ ಹೋಗು ಅಂತೀನಿ," ಎಂದಳು ಪೋಲಾ. ಹೇಳಿ, ತೆರೆದಿದ್ದ ನೋಟುಬುಕ್ಕನ್ನು ಮಡಚಿದಳು. ಆಮೇಲೆ, "ಅಪಾ, ಅದು ರೈಲು. ಇವು ಮೂರು ಮಕ್ಕಳು," ಎಂದಳು.

"ರೈಲಿಗೆ ಅರವತ್ತು ಡಬ್ಬಿ. ಇವು ಮೂರೇ. ನನ್ನ ತಮ್ಮನ ಮಕ್ಕಳು ಬಂದಾಗ ನನ್ನ ಹತ್ರ ಒಂದು ಉತ್ತರಾನೂ ಇರ್ಲಿಲ್ಲ ಕಣೆ. ಆರು ಬಟ್ಟಲು ಇತ್ತು, ಇನ್ನೆರಡು ತಂದೆ. ನಿನ್ನ ಕೈಲಿರೋದು ನಾಳೆ ಬೆಳಿಗ್ಗೆಯ ಪ್ಯಾಸೆಂಜರ್ ಗಾಡಿ. ಹತ್ತಿ ಹೋಗಿ ನೋಡ್ಕೊಂಡು ಬಾ. ಅದರಾಚೆಗಿನ ಸಿಗ್ನಲ್ಲು ನಿಂದಲ್ಲ, ಆ ಕಡೆ ಕೂತಿರೋನಿಗೆ ಬಿಡು."

ಅಂದು ಸಂಜೆ ಮನೆಗೆ ಬಂದ ಪೋಲಾ ಮೂರ್ತಿಯ ಎದುರು ಕೂತಳು. ಒಂದು ಪ್ರಶ್ನೆಗೂ ಉತ್ತರ ಬಂದಿರಲಿಲ್ಲ. ಆದರೆ ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ಹಸಿದಿತ್ತು. ದೇವರೇ, ನಾಳೆ ರೈಲು ಹತ್ತುವಷ್ಟು ಧೈರ್ಯ ಕೊಡು, ನಾಡಿದ್ದಿನದನ್ನು ನಾಡಿದ್ದು ಕೇಳುತ್ತೇನೆ, ಎಂದು ಹೇಳಿಕೊಂಡು ಎರಡು ತಟ್ಟೆ ಸೂಪು ಕುಡಿದಳು.

ಶುಕ್ರವಾರ ಬೆಳಿಗ್ಗೆ ಬೀಗ ಹಾಕುವಾಗ ಹೆಂಡತಿಯ ಕಂಕುಳಲ್ಲಿ ಕಂಬಳಿಯ ಗಂಟನ್ನು ಕಂಡ ಕ್ಲೆಮೆನ್ಸ್, "ಇವಳು ಎಲ್ಲಿಗೆ?" ಎಂದ.

"ಮುಂದಿನ ಮನೆ ಯಾವುದು ಅಂತ ಹೇಳಬಾರದು. ನಿಯಮ ಗೊತ್ತಿಲ್ವಾ ನಿಂಗೆ?"

ತಾಸ್‌ಬುಲಾಕಿನಲ್ಲಿ ರೈಲು ಎರಡೇ ನಿಮಿಷ ನಿಂತಿತು. ಬಾತಿಮಾ ತುಪ್ಪಳದ ಟೋಪಿಯಲ್ಲಿ ಓಡಿಬಂದು, ಬಿಸಿಬಿಸಿ ಬೌರ್ಸಾಕ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳು, ತುಂಬಿದ ಚೀಲವನ್ನು ಮೆಟ್ಟಿಲ ಮೇಲೆ ಎಸೆದಂತೆ ಕೊಟ್ಟು, "ಮಕ್ಕಳಿಗೆ ಕಣೆ. ನೀವಿಬ್ರೂ ದಾರೀಲಿ ಮುಗಿಸ್ಬೇಡಿ," ಎಂದಳು. ಕ್ಲೆಮೆನ್ಸ್ ದಾರಿಯಲ್ಲಿ ನಾಲ್ಕನ್ನು ಮುಗಿಸಿದ.

ಪಟ್ಟಣದ ಅನಾಥ ಮಕ್ಕಳ ಮನೆಯ ಉದ್ದನೆಯ ಮೊಗಸಾಲೆಯಲ್ಲಿ ಎಲೆಕೋಸು ಬೇಯುವ ವಾಸನೆಯಿತ್ತು. ಮೇಲ್ವಿಚಾರಕಿ ಕರೆಯುವ ಮೊದಲೇ ಒಬ್ಬಳು ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಕೋಲಿನಂಥ ಮೈ, ಬಿಗಿಯಾಗಿ ಹೆಣೆದ ಎರಡು ಜಡೆ, ಸೊಂಟದ ಮೇಲೆ ದುಂಡನೆಯ ಪಾಪು, ಲಂಗ ಹಿಡಿದುಕೊಂಡ ತಮ್ಮ.

"ಪಾಪುನ ನೋಡೋಕೆ ಬಂದ್ರಾ ಅತ್ತೆ? ತಗೊಳ್ಳಿ, ಹಿಡ್ಕೊಳ್ಳಿ. ಬಟ್ಟೆ ಈಗ ತಾನೇ ಬದಲಾಯಿಸಿದೀನಿ. ಬೆನ್ನ ಹಿಂದೆ ಕೈ ಇಡ್ಬೇಕು, ಹಾಗಲ್ಲ, ಹೀಗೆ. ಹ್ಞಾಂ."

ವಾರ್ಯಾ ಪೋಲಾಳ ತೋಳಿಗೆ ಬಂದವಳೇ ಅವಳ ಮೂಗು ಹಿಡಿದೆಳೆದಳು. ಏಳು ವರ್ಷದಿಂದ ಕನಸು ಕಂಡ ತೂಕ ಅದು. ಆದರೆ ಪೋಲಾಳ ಕಣ್ಣು ಮಾತ್ರ ಜಡೆಯ ಹುಡುಗಿಯನ್ನು ಬಿಟ್ಟು ಕದಲಲಿಲ್ಲ.

"ಇವನು ತಿಮೋಶ," ಎಂದು ಹುಡುಗಿ ತಮ್ಮನನ್ನು ಮುಂದಕ್ಕೆ ತಳ್ಳಿದಳು. "ಜಾಸ್ತಿ ಮಾತಾಡಲ್ಲ. ಹಾಸಿಗೆ ಒದ್ದೆ ಮಾಡೋದು ಬಿಟ್ಟಿದಾನೆ. ಮಾಡಿದ್ರೂ ನಾನೇ ಒಗೀತೀನಿ. ಸೌದೆ ತರ್ತಾನೆ. ಚಿಕ್ಕ ಚಿಕ್ಕದು."

ಕ್ಲೆಮೆನ್ಸ್ ಮಂಡಿಯೂರಿ ಕೂತು ತಿಮೋಶನಿಗೆ ಒಂದು ಬೌರ್ಸಾಕ್ ಕೊಟ್ಟ. ಇಬ್ಬರೂ ಮಾತಿಲ್ಲದೆ ಅಗಿಯತೊಡಗಿದರು. ಪರಿಚಯ ಅಷ್ಟರಲ್ಲೇ ಮುಗಿದುಹೋಯಿತು.

"ನಿನ್ನ ಹೆಸರು ಹೇಳ್ಲೇ ಇಲ್ವಲ್ಲ," ಎಂದಳು ಪೋಲಾ.

"ಜೀನಾ. ನಂದೇನೂ ಇಲ್ಲ. ನಾನು ಜಾಸ್ತಿ ಜಾಗ ತಗೊಳಲ್ಲ."

ಈ ಹುಡುಗಿಗೆ ತಾನು ಇಷ್ಟವಾಗುತ್ತೇನೋ ಇಲ್ಲವೋ ಎಂದು ಪೋಲಾ ನಾಲ್ಕು ದಿನ ಹೆದರಿದ್ದಳು. ಅದಕ್ಕಿಂತ ದೊಡ್ಡ ಹೆದರಿಕೆಯನ್ನು ಆ ಹುಡುಗಿ ಜಡೆಯ ಹಾಗೆ ಬಿಗಿದು ಕಟ್ಟಿಕೊಂಡು ನಿಂತಿದ್ದಳು. ಕೈಚೀಲದಲ್ಲಿದ್ದ ನೋಟುಬುಕ್ಕನ್ನು ಪೋಲಾ ಹೊರಗೆ ತೆಗೆಯಲೇ ಇಲ್ಲ. ಪಾಪುವನ್ನು ಗಂಡನಿಗೆ ಕೊಟ್ಟು ಕಂಬಳಿಯ ಗಂಟು ಬಿಚ್ಚಿದಳು.

"ಇದನ್ನ ನಮ್ಮೂರಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೊತ್ಕೊಂಡು ಹೋಗ್ತೀವಿ. ನನ್ನ ಸರದಿ ಮುಗೀತು. ಇನ್ನು ನಿನ್ನ ಸರದಿ. ನಾನು ಮತ್ತೆ ಬರೋವರೆಗೂ ಇಟ್ಕೋ. ಆಮೇಲೆ ಮುಂದಿನ ಮನೆಗೆ ನೀನೇ ತರ್ಬೇಕು."

"ಸರಕಾರಿ ಸಂಸ್ಥೆ ಇದು, ದೇವರು ಗೀವರು ಎಲ್ಲ ಇಡೋ ಹಾಗಿಲ್ಲ," ಎಂದು ಮೇಲ್ವಿಚಾರಕಿ ನಡುವೆ ಬಾಯಿ ಹಾಕಿದಳು. ಆಮೇಲೆ ಜೀನಾಳ ಮುಖ ನೋಡಿ, ಪೆನ್ನು ತೆಗೆದು, "ಆಟದ ಸಾಮಾನು ಅಂತ ಬರ್ಕೊತೀನಿ. ಮರದ್ದು. ಕತ್ತೆ ಸಮೇತ," ಎಂದಳು.

ಜೀನಾ ಮೂರ್ತಿಯನ್ನು ತಿರುಗಿಸಿ ನೋಡಿದಳು. "ನೀವು ಮತ್ತೆ ಬರ್ತೀರಾ? ಎಲ್ರೂ ಹಾಗೇ ಹೇಳ್ತಾರೆ."

"ಬರ್ದೇ ಇರೋ ಹಾಗೇ ಇಲ್ಲ. ಇವಳನ್ನ ವಾಪಸ್ ತರ್ಲಿಲ್ಲಾಂದ್ರೆ ನಮ್ಮೂರಿನ ಹೆಂಗಸರು ನನ್ನ ಚರ್ಮ ಸುಲೀತಾರೆ," ಎಂದಳು ಪೋಲಾ. ಆ ಮಾತು ಹುಡುಗಿಗೆ ನಂಬುವಂತೆ ಕಂಡಿತು.

ಊರಿನ ಹೆಂಗಸರು ಸುಲಿಯಲಿಕ್ಕೆ ತಯಾರಾಗಿಯೇ ಇದ್ದರು. ಮೂರ್ತಿ ಊರನ್ನೇ ಬಿಟ್ಟುಹೋಗಿದೆ ಎಂದು ತಿಳಿದಾಗ ಭಾನುವಾರದ ಪೂಜೆಯ ನಂತರ ಚರ್ಚಿನ ಅಂಗಳದಲ್ಲಿ ಗದ್ದಲವೆದ್ದಿತು. ಇನ್ನೂ ಹತ್ತು ಮನೆ ಬಾಕಿಯಿದ್ದವು. ರೊಜಾಲಿಯಾ ಅಜ್ಜಿ ಊರುಗೋಲನ್ನು ಹಿಮಕ್ಕೆ ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ನಾನು ಚಿಕ್ಕವಳಿದ್ದಾಗ ಒಂದು ಸಲ ಇವಳು ಹನ್ನೊಂದು ದಿನ ಹುಲ್ಲಿನ ಬಣವೇಲಿ ಕೂತಿದ್ಲು. ಯಾರ ಮನೆಗೂ ಬರ್ಲಿಲ್ಲ. ಆಗ ಯಾರೂ ಕೇಕು ಹಾಳಾಯ್ತು ಅಂತ ಅಳ್ಲಿಲ್ಲ. ತಾಯಿ ಇಲ್ಲದ ಮಕ್ಕಳ ಹತ್ರ ಇದಾಳಂತೆ. ನಿಮ್ಮ ಮನೇಗಿಂತ ಅಲ್ಲೇ ಅವಳಿಗೆ ಕೆಲಸ ಜಾಸ್ತಿ. ಕೇಕು ಉಳಿದಿದ್ರೆ ಪೋಲಾ ಮನೆಗೆ ಕಳ್ಸಿ."

ಹತ್ತೂ ಮನೆಯವರು ಕಳಿಸಿದರು. ಕೇಕಿನ ಜೊತೆ ಪುಟ್ಟ ಬೂಟು, ಕೈಗವಸು, ಒಂದು ಜಾರುಬಂಡಿ, ತುಂಡಾದ ಬಣ್ಣದ ಪೆನ್ಸಿಲ್ಲುಗಳೂ ಬಂದವು. ಅಷ್ಟರಲ್ಲಿ ಕ್ಲೆಮೆನ್ಸ್ ಎರಡು ಮಂಚ ಮುಗಿಸಿದ್ದ. ಕೋರ್ಟಿನ ಕಾಗದಕ್ಕೆ ತಿಂಗಳುಗಳೇ ಬೇಕು, ನ್ಯಾಯಾಧೀಶರು ಒಪ್ಪುತ್ತಾರೋ ಇಲ್ಲವೋ ಈಗಲೇ ಹೇಳಲಾಗದು, ಸದ್ಯಕ್ಕೆ ರಜೆಯ ಅತಿಥಿಗಳಾಗಿ ಎರಡು ವಾರ ಕರೆದೊಯ್ಯಬಹುದು ಎಂದಿತು ಪಾಲನಾ ಕಚೇರಿ. ಹಿಂದಿನ ಪೋಲಾ ಆಗಿದ್ದರೆ ಎರಡು ವಾರದ ಆಚೆಗೆ ಏನೆಂದು ಕೇಳಿ ಅವರ ತಲೆ ತಿನ್ನುತ್ತಿದ್ದಳು. ಈ ಪೋಲಾ, "ಯಾವ ರೈಲಿಗೆ ಬರ್ಲಿ?" ಎಂದಷ್ಟೇ ಕೇಳಿದಳು.

ಇಪ್ಪತ್ನಾಲ್ಕರ ಮಧ್ಯಾಹ್ನ ಪ್ಯಾಸೆಂಜರ್ ಗಾಡಿಯಿಂದ ಮೊದಲು ಇಳಿದದ್ದು ಮರಿಯಮ್ಮ, ಜೀನಾಳ ಕೋಟಿನೊಳಗೆ ಕುತ್ತಿಗೆಯವರೆಗೆ ಗುಂಡಿ ಹಾಕಿಸಿಕೊಂಡು. ಹಿಂದೆ ಪಾಪುವನ್ನು ಎತ್ತಿಕೊಂಡ ಪೋಲಾ, ಅವಳ ಹಿಂದೆ ಕ್ಲೆಮೆನ್ಸ್, ಅವನ ಹೆಗಲ ಮೇಲೆ ತಿಮೋಶ. ಅರ್ಧ ಊರು ಪ್ಲಾಟ್‌ಫಾರಂ ಮೇಲಿತ್ತು. ರೊಜಾಲಿಯಾ ಅಜ್ಜಿ ಜೀನಾಳ ಜೊತೆ ಹೆಜ್ಜೆ ಹಾಕಿ, ಚರ್ಚಿನ ಗೋದಲಿಯವರೆಗೂ ದಾರಿ ತೋರಿಸುತ್ತಾ, ಆ ಸಂಜೆಯ ಊಟದ ಶಾಸ್ತ್ರಗಳನ್ನೆಲ್ಲ ಹೇಳಿಕೊಟ್ಟಳು. ಜೀನಾ ಮೂರ್ತಿಯನ್ನು ಹುಲ್ಲಿನ ಮೇಲಿಟ್ಟು, ಕತ್ತೆಯ ಬೆನ್ನು ಸವರಿ, ಹೊರಗೆ ಬಂದಳು.

ಮೊದಲ ನಕ್ಷತ್ರ ಮೂಡಿದಾಗ ಊಟಕ್ಕೆ ಕೂತರು. ಮೇಜಿನ ಬಿಳಿ ಹಾಸಿನ ಕೆಳಗೆ ಗೋದಲಿಯ ನೆನಪಿಗೆ ಹಿಡಿಯಷ್ಟು ಒಣಹುಲ್ಲು, ಮೇಲೆ ಬೀಟ್ರೂಟಿನ ಕೆಂಪು ಸೂಪು, ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿ, ಹುರಿದ ಮೀನು, ಗಸಗಸೆ ಜೇನು ಹಾಕಿದ ಗೋಧಿ ಪಾಯಸ. ಜೀನಾ ತಮ್ಮನನ್ನು ಕುರ್ಚಿಗೆ ಹತ್ತಿಸಿ, ತಂಗಿಗೆ ಕೊರಳುಬಟ್ಟೆ ಕಟ್ಟಿದಳು. ಆಮೇಲೆ ಪೋಲಾಳ ಪಕ್ಕದ ಕುರ್ಚಿಯನ್ನು ಬಿಟ್ಟು, ಬಾಗಿಲ ಹತ್ತಿರ ಮೇಜಿನ ತುದಿಗೆ ಹೋಗಿ, ಕೋಟು ಸಮೇತ ಕೂತಳು. ಕ್ಲೆಮೆನ್ಸನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಅಲ್ಲಿ ಯಾಕೆ ಕೂತೆ?" ಎಂದಳು ಪೋಲಾ.

"ಅಜ್ಜಿ ಹೇಳಿದ್ರು, ಈವತ್ತು ಮನೆಯವರಿಗಿಂತ ಒಂದು ತಟ್ಟೆ ಜಾಸ್ತಿ ಇಡ್ತಾರೆ, ಕರೀದೆ ಬಂದವರಿಗೆ ಅಂತ." ಹುಡುಗಿ ಬಹಳ ಸಮಾಧಾನದಿಂದ ವಿವರಿಸಿದಳು. "ನೀವು ಕೇಳಿದ್ದು ಪಾಪುನ. ತಿಮೋಶ ಚಿಕ್ಕೋನು. ಅದಕ್ಕೇ ಈ ತಟ್ಟೆ ನಂದು."

ಈ ಮಗುವಿಗೆ ಎಷ್ಟೋ ಭರವಸೆ ಕೊಡಬೇಕು ಎಂದು ಪೋಲಾಳಿಗೆ ಅನಿಸಿತು. ಕೋರ್ಟಿನದು, ಕಾಗದದ್ದು, ಮುಂದಿನ ವರ್ಷದ್ದು. ಅದರಲ್ಲಿ ಒಂದೂ ಅವಳ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಒಂದು ಖಾಲಿ ಕುರ್ಚಿ. ಅದನ್ನು ಸರಕ್ಕನೆ ಹಿಂದಕ್ಕೆ ಎಳೆದಳು.

"ಆ ತಟ್ಟೆ ಇನ್ನೂ ಬರ್ಬೇಕಾದವರದ್ದು ಜೀನಾ. ನೀನು ಬಂದಾಗಿದೆ. ನಿಂದು ಇಲ್ಲಿ, ನನ್ನ ಪಕ್ಕ."

"ಜಡ್ಜು ಬೇಡ ಅಂದ್ರೆ?"

"ನಂಗೊತ್ತಿಲ್ಲ ಕಂದ. ನಿಜವಾಗ್ಲೂ ಗೊತ್ತಿಲ್ಲ. ಅದು ಬಂದಾಗ ನಾವೈದೂ ಜನ ಸೇರಿ ನೋಡ್ಕೊಳೋಣ. ಈಗ ಸೂಪು ಆರ್ತಾ ಇದೆ."

ಜೀನಾ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಗೊತ್ತಿಲ್ಲ ಎಂದು ಹೇಳಿದ ದೊಡ್ಡವರನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಎದ್ದು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಗೂಟಕ್ಕೆ ಸಿಕ್ಕಿಸಿ ಬಂದು, ಪೋಲಾಳ ಪಕ್ಕದಲ್ಲಿ ಕುರ್ಚಿಯ ತುಂಬ ಕೂತಳು. ತನ್ನ ಮುಂದಿದ್ದ ತಟ್ಟೆಯನ್ನು ಪರೀಕ್ಷಿಸಿದಳು.

"ನಂಗೆ ಮೀನು ಇಷ್ಟ ಇಲ್ಲ," ಎಂದಳು.

ತನಗೇನು ಬೇಕು, ಏನು ಬೇಡ ಎಂದು ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಪೋಲಾ ನಕ್ಕಳು, ನಗುತ್ತಲೇ ಉಡುಪಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಕ್ಲೆಮೆನ್ಸ್ ಆ ಮೀನನ್ನು ತನ್ನ ತಟ್ಟೆಗೆ ಹಾಕಿಕೊಂಡು, ಅವಳ ತಟ್ಟೆಗೆ ಆರು ಪಿರೋಗಿ ಬಡಿಸಿದ.